ಬಟ್ಟಲು ನೋಡಬೇಡಿ, ಪಕ್ಕೆಲುಬು ಮುಟ್ಟಿ ನೋಡಿ

ಈ ಸಲ ಹೊಸೂರು, ಡೆಂಕಣಿಕೋಟೆ, ಕೆಲಮಂಗಲ, ಕೃಷ್ಣಗಿರಿ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಸ್ಪ್ಯಾನಿಯಲ್ ನಾಯಿಗಳ ಊಟದ ಬಗ್ಗೆ ಇವೆ. ಉತ್ತರಕ್ಕೆ ಮೊದಲು ಒಂದು ಮಾತು. ಸ್ಪ್ಯಾನಿಯಲ್ ಎಂದರೆ ಒಂದೇ ಗಾತ್ರದ ನಾಯಿಯಲ್ಲ. ನಮ್ಮ ಕಡೆ ಹೆಚ್ಚು ಕಾಣುವ ಕಾಕರ್ 12ರಿಂದ 15 ಕಿಲೋ ತೂಗುತ್ತದೆ. ಅದಕ್ಕಿಂತ ಎತ್ತರದ, ಉದ್ದ ಕಾಲಿನ ಇಂಗ್ಲಿಷ್ ಸ್ಪ್ರಿಂಗರ್ 20ರಿಂದ 25 ಕಿಲೋವರೆಗೆ ಬೆಳೆಯುತ್ತದೆ. ಕ್ಲಂಬರ್ ಎಂಬ ಭಾರಿ ಮೈಯ ಸ್ಪ್ಯಾನಿಯಲ್ 30 ಕಿಲೋ ದಾಟುವುದೂ ಉಂಟು, ಆದರೆ ಅದು ಇಲ್ಲಿ ಅಪರೂಪ. ಕೆಳಗಿನ ಲೆಕ್ಕಗಳೆಲ್ಲ 22 ಕಿಲೋದ ಸ್ಪ್ರಿಂಗರ್‌ಗೆ ಹೇಳಿದವು. ಕಾಕರ್ ಸಾಕಿದವರು ಇದನ್ನು ಹಾಗೆಯೇ ಅನುಸರಿಸಿದರೆ ನಾಯಿ ಆರು ತಿಂಗಳಲ್ಲಿ ಉರುಟಾಗುತ್ತದೆ.

ಪ್ರಶ್ನೆ: ಹತ್ತು ವಾರದ ಸ್ಪ್ರಿಂಗರ್ ಗಂಡು ಮರಿ ತಂದಿದ್ದೇವೆ, ಈಗ 6 ಕಿಲೋ ಇದೆ. ಎಷ್ಟು ಹಾಕಿದರೂ ಬಟ್ಟಲು ನೆಕ್ಕಿ ಮತ್ತೆ ಮುಖ ನೋಡುತ್ತದೆ. ದಿನಕ್ಕೆ ಎಷ್ಟು ಕೊಡಬೇಕು? ಬೆಳೆದಂತೆ ಎಷ್ಟು ಹೆಚ್ಚಿಸಬೇಕು? ಕ್ಯಾಲ್ಸಿಯಂ ಟಾನಿಕ್ ಬೇಕೇ?
– ತಳಿ ರಸ್ತೆ, ಹೊಸೂರು

ಮುಖ ನೋಡುವುದು ಹಸಿವಿನ ಗುರುತಲ್ಲ. ಸ್ಪ್ಯಾನಿಯಲ್‌ಗಳು ಇದ್ದಷ್ಟೂ ತಿನ್ನುವ ನಾಯಿಗಳು. ಅದರ ಕಣ್ಣನ್ನು ನಂಬಿದರೆ ಅಳತೆ ಎಂದೂ ಸಿಗುವುದಿಲ್ಲ.

ನಿಮ್ಮ ಮರಿಗೆ ಈಗ ದಿನಕ್ಕೆ ಸುಮಾರು 800 ಕ್ಯಾಲರಿ ಬೇಕು. ಮರಿಗಳ ಒಣ ಆಹಾರದಲ್ಲಿ 100 ಗ್ರಾಂಗೆ 360ರಿಂದ 400 ಕ್ಯಾಲರಿ ಇರುತ್ತದೆ. ಚೀಲದ ಹಿಂಬದಿಯಲ್ಲಿ ಅಚ್ಚಾಗಿರುತ್ತದೆ, ಓದಿಕೊಳ್ಳಿ. ಅಂದರೆ ದಿನಕ್ಕೆ ಒಟ್ಟು 200ರಿಂದ 220 ಗ್ರಾಂ, ನಾಲ್ಕು ಹೊತ್ತಿಗೆ ಹಂಚಿ. ಮೂರು ತಿಂಗಳು ತುಂಬಿದ ಮೇಲೆ ಮೂರು ಹೊತ್ತು, ಆರು ತಿಂಗಳ ನಂತರ ಎರಡು ಹೊತ್ತು ಸಾಕು. ಲೋಟದಿಂದ ಅಳೆಯಬೇಡಿ. ಅದೇ ಲೋಟದಲ್ಲಿ ಒಬ್ಬರು 80 ಗ್ರಾಂ ಹಾಕಿದರೆ ಇನ್ನೊಬ್ಬರು 110 ಹಾಕುತ್ತಾರೆ. ಅಡುಗೆಮನೆಯ ಚಿಕ್ಕ ಡಿಜಿಟಲ್ ತಕ್ಕಡಿಯಲ್ಲಿ ದಿನದ ಪಾಲನ್ನು ಬೆಳಿಗ್ಗೆಯೇ ತೂಗಿ ಡಬ್ಬಿಗೆ ಹಾಕಿಡಿ. ಡಬ್ಬಿ ಖಾಲಿಯಾಯಿತೆಂದರೆ ಅಂದಿನ ಊಟ ಮುಗಿಯಿತು.

ಎಷ್ಟು ಹೆಚ್ಚಿಸಬೇಕೆಂದು ಕೇಳಿದ್ದೀರಿ. ಬಹಳ ಮನೆಗಳಲ್ಲಿ ಎಡವಟ್ಟಾಗುವುದು ಇಲ್ಲಿಯೇ. ಮರಿ ಬೆಳೆದಂತೆ ಊಟವೂ ಅದೇ ವೇಗದಲ್ಲಿ ಏರುತ್ತ ಹೋಗಬೇಕೆಂದು ಜನ ಭಾವಿಸುತ್ತಾರೆ. ವಾಸ್ತವ ಹಾಗಿಲ್ಲ. ನಾಲ್ಕು ತಿಂಗಳಿಗೆ ಮರಿ 11 ಕಿಲೋ ಆಸುಪಾಸಿಗೆ ಬಂದಾಗ ಅದಕ್ಕೆ ಸುಮಾರು 270–280 ಗ್ರಾಂ ಬೇಕು. ಆರು ತಿಂಗಳಿಗೆ 15–16 ಕಿಲೋ ಆದಾಗ 280ರಿಂದ 300 ಗ್ರಾಂ. ಪೂರ್ತಿ ಬೆಳೆದು 22 ಕಿಲೋ ಆದ ಮೇಲೂ 300ರಿಂದ 340 ಗ್ರಾಂ ಅಷ್ಟೇ. ನಾಲ್ಕು ತಿಂಗಳ ನಂತರ ಮೈ ಎರಡು ಪಟ್ಟಾಗುತ್ತದೆ, ಆದರೆ ಬೆಳವಣಿಗೆಯ ವೇಗ ತಗ್ಗುವುದರಿಂದ ಊಟ ಹೆಚ್ಚುಕಡಿಮೆ ಅಲ್ಲಿಯೇ ನಿಲ್ಲುತ್ತದೆ. ಒಂದು ವರ್ಷದ ಸುಮಾರಿಗೆ ದೊಡ್ಡ ನಾಯಿಯ ಆಹಾರಕ್ಕೆ ಬದಲಿಸಿ, ಒಮ್ಮೆಲೇ ಅಲ್ಲ, ವಾರವೊಂದು ಬೆರೆಸುತ್ತ.

ಈ ಅಂಕಿಗಳು ಆರಂಭಕ್ಕೆ ಮಾತ್ರ. ಎರಡು ವಾರಕ್ಕೊಮ್ಮೆ ನಾಯಿಯ ಮೈಯನ್ನೇ ಕೇಳಬೇಕು. ನಿಮ್ಮ ಅಂಗೈಯನ್ನು ಕೆಳಮುಖವಾಗಿ ಚಾಚಿ ಹಿಂಬದಿಯ ಬೆರಳ ಮೂಳೆಗಳ ಮೇಲೆ ಕೈಯಾಡಿಸಿ. ನಾಯಿಯ ಪಕ್ಕೆಲುಬು ಕೈಗೆ ಹಾಗೆ ಸಿಗಬೇಕು. ಮುಷ್ಟಿ ಹಿಡಿದಾಗ ಗೆಣ್ಣುಗಳು ಏಳುವಂತೆ ಚುಚ್ಚಿದರೆ ಊಟ ಕಡಿಮೆಯಾಗಿದೆ. ಅಂಗೈಯ ಒಳಬದಿಯಂತೆ ಮೆತ್ತಗಿದ್ದು ಮೂಳೆ ಹುಡುಕಬೇಕಾದರೆ ಜಾಸ್ತಿಯಾಗಿದೆ. ಸ್ಪ್ಯಾನಿಯಲ್‌ನ ಮೈತುಂಬ ರೇಷ್ಮೆ ಕೂದಲು, ಆದ್ದರಿಂದ ಬರಿಗಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಮುಟ್ಟಿಯೇ ನೋಡಬೇಕು.

ಕ್ಯಾಲ್ಸಿಯಂ ಬೇಡ. ಮರಿಗಳಿಗೆಂದೇ ತಯಾರಿಸಿದ ಸಂಪೂರ್ಣ ಆಹಾರದಲ್ಲಿ ಅದು ಬೇಕಾದಷ್ಟು ಇರುತ್ತದೆ. ಮೇಲಿಂದ ಸುರಿದರೆ, ಮುಖ್ಯವಾಗಿ ದೊಡ್ಡ ಮೈಯ ಮರಿಗಳಲ್ಲಿ, ಮೂಳೆ ಮತ್ತು ಕೀಲುಗಳ ಬೆಳವಣಿಗೆ ಕೆಡುತ್ತದೆ. ಆ ಹಣವನ್ನು ಜಂತುಹುಳುವಿನ ಔಷಧಿಗೆ, ಲಸಿಕೆಗೆ ಇಟ್ಟುಕೊಳ್ಳಿ.

ಪ್ರಶ್ನೆ: ನಮ್ಮದು ಹಳ್ಳಿ. ತೋಟದ ಮನೆಯಲ್ಲಿ ಎರಡು ವರ್ಷದ ಸ್ಪ್ರಿಂಗರ್ ಇದೆ. ಮೊದಲಿಂದಲೂ ನಮ್ಮ ನಾಯಿಗಳಿಗೆ ರಾಗಿಮುದ್ದೆ, ಹಾಲು ಹಾಕುತ್ತಿದ್ದೆವು, ಇದಕ್ಕೂ ಅದೇ. ಹೊಟ್ಟೆ ತುಂಬ ತಿನ್ನುತ್ತದೆ, ಆದರೂ ಕೂದಲು ಮಂಕಾಗಿದೆ, ಉದುರುತ್ತದೆ. ಅಂಗಡಿಯ ಚೀಲದ ಆಹಾರ ತರಲೇಬೇಕೇ?
– ಡೆಂಕಣಿಕೋಟೆ ತಾಲ್ಲೂಕು

ತರಲೇಬೇಕೆಂದಿಲ್ಲ. ರಾಗಿ ನಾಯಿಗೆ ಆಗದು ಎಂದು ಪೇಟೆಯಲ್ಲಿ ಯಾರಾದರೂ ಹೇಳಿದ್ದರೆ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಚೆನ್ನಾಗಿ ಬೆಂದ ಮುದ್ದೆಯನ್ನು ನಾಯಿ ಸಲೀಸಾಗಿ ಅರಗಿಸಿಕೊಳ್ಳುತ್ತದೆ. ತೊಂದರೆ ಇರುವುದು ಮುದ್ದೆಯ ಪಕ್ಕದಲ್ಲಿ ಏನೂ ಇಲ್ಲದಿರುವುದರಲ್ಲಿ.

ಲೆಕ್ಕ ಹಾಕೋಣ. 300 ಗ್ರಾಂ ರಾಗಿಹಿಟ್ಟಿನ ಮುದ್ದೆಯಿಂದ ಸುಮಾರು ಸಾವಿರ ಕ್ಯಾಲರಿ ಸಿಗುತ್ತದೆ. ಹೊಟ್ಟೆ ತುಂಬಿತು, ಶಕ್ತಿಯೂ ಬಂತು. ಆದರೆ ಅದರಲ್ಲಿ ಪ್ರೋಟೀನ್ 21 ಗ್ರಾಂ ಅಷ್ಟೇ. ಒಂದು ಲೋಟ ಹಾಲು ಸೇರಿಸಿದರೆ ಇನ್ನೊಂದು ಆರು ಗ್ರಾಂ. ದೊಡ್ಡ ನಾಯಿಗೆ ಪ್ರತಿ ಸಾವಿರ ಕ್ಯಾಲರಿಗೆ ಕನಿಷ್ಠ 45 ಗ್ರಾಂ ಪ್ರೋಟೀನ್ ಇರಬೇಕೆಂಬುದು ಒಪ್ಪಿತ ಅಳತೆ. ನಿಮ್ಮ ನಾಯಿಗೆ ಅದರ ಮುಕ್ಕಾಲು ಪಾಲೂ ಸಿಗುತ್ತಿಲ್ಲ. ಕೂದಲು ಬಹುಪಾಲು ಪ್ರೋಟೀನಿನದೇ ಆದ್ದರಿಂದ ಕೊರತೆ ಮೊದಲು ಅಲ್ಲಿ ಕಾಣಿಸಿಕೊಳ್ಳುತ್ತದೆ. ಹಗಲೆಲ್ಲ ಹೊಲ ಕಾಯುವ, ಸಿಕ್ಕಿದ್ದನ್ನು ಬೇಟೆಯಾಡಿ ತಿನ್ನುವ ನಾಟಿ ನಾಯಿ ಉಳಿದದ್ದನ್ನು ತಾನೇ ಹುಡುಕಿಕೊಳ್ಳುತ್ತಿತ್ತು. ಕಟ್ಟಿ ಸಾಕುವ ಸ್ಪ್ಯಾನಿಯಲ್‌ಗೆ ಆ ದಾರಿಯಿಲ್ಲ.

ಹೀಗೆ ಮಾಡಿ. ದಿನಕ್ಕೆ 100 ಗ್ರಾಂ ಹಿಟ್ಟಿನ ಮುದ್ದೆ, ಒಂದು ದೊಡ್ಡ ಬಟ್ಟಲು ಅನ್ನ, ಬೇಯಿಸಿ ಮೂಳೆ ತೆಗೆದ ಕೋಳಿಮಾಂಸ 150 ಗ್ರಾಂ, ಬೇಯಿಸಿದ ಎರಡು ಮೊಟ್ಟೆ, ಒಂದು ಸಣ್ಣ ಬಟ್ಟಲು ಮೊಸರು, ಒಂದು ಹಿಡಿ ಬೇಯಿಸಿದ ಬೀನ್ಸ್ ಅಥವಾ ಸಿಹಿಗುಂಬಳ, ಒಂದು ಚಮಚ ಎಣ್ಣೆ. ಇದನ್ನು ಎರಡು ಹೊತ್ತಿಗೆ ಹಂಚಿ. ಒಟ್ಟು ಸಾವಿರದಿಂದ 1,100 ಕ್ಯಾಲರಿ ಆಗುತ್ತದೆ, ಪ್ರೋಟೀನ್ 70 ಗ್ರಾಂ ಸುತ್ತಮುತ್ತ. ತೋಟದಲ್ಲಿ ದಿನವಿಡೀ ಓಡುವ ನಾಯಿಯಾದರೆ ಇಷ್ಟು ಸಾಲದು, ಮೈ ಮುಟ್ಟಿ ನೋಡಿ ಕಾಲು ಪಾಲು ಹೆಚ್ಚಿಸಿ. ಮಾಂಸ ಬೇಯಿಸದ ಮನೆಯಾದರೆ ಮೊಟ್ಟೆ ನಾಲ್ಕಕ್ಕೆ ಏರಿಸಿ, ಪನೀರ್ ಮತ್ತು ನುಣ್ಣಗೆ ಬೆಂದ ಬೇಳೆ ಸೇರಿಸಿ. ಮೊಟ್ಟೆಯೂ ಬೇಡವೆಂದರೆ ಮಾತ್ರ ಸಂಪೂರ್ಣ ಸಸ್ಯಾಹಾರದ ಚೀಲದ ಆಹಾರವೇ ಸುರಕ್ಷಿತ. ಸ್ಪ್ಯಾನಿಯಲ್‌ಗಳಲ್ಲಿ, ಕಾಕರ್‌ಗಳಲ್ಲಂತೂ, ಟಾರಿನ್ ಎಂಬ ಅಮೈನೋ ಆಮ್ಲ ಕಡಿಮೆಯಾದರೆ ಹೃದಯದ ಸ್ನಾಯು ಸೋಲುವ ಕಾಯಿಲೆ ಬರುವುದುಂಟು, ಅದು ಮಾಂಸದಲ್ಲಿ ಸಿಗುತ್ತದೆ, ಧಾನ್ಯದಲ್ಲಿ ಇಲ್ಲ.

ರಾಗಿಯಲ್ಲಿ 100 ಗ್ರಾಂಗೆ 340 ಮಿಲಿಗ್ರಾಂಗೂ ಮೇಲೆ ಕ್ಯಾಲ್ಸಿಯಂ ಇದೆ, ಅಕ್ಕಿ ಗೋಧಿಗಳಲ್ಲಿ ಅಷ್ಟಿಲ್ಲ. ಆದರೆ ಅದರ ಫೈಟೇಟ್ ಅಂಶ ಕ್ಯಾಲ್ಸಿಯಂ, ಸತು, ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಹಾಗಾಗಿ ಮನೆಯೂಟ ಹಾಕುವವರು ನಾಯಿಗಳ ಖನಿಜ ಮತ್ತು ವಿಟಮಿನ್ ಪುಡಿಯನ್ನು ಪಶುವೈದ್ಯರಿಂದ ತೂಕಕ್ಕೆ ತಕ್ಕಂತೆ ಬರೆಸಿಕೊಳ್ಳಬೇಕು. ಹಿಂದಿನ ಪತ್ರದ ಮರಿಗೆ ಬೇಡ ಎಂದೆ, ನಿಮ್ಮ ನಾಯಿಗೆ ಬೇಕು ಎನ್ನುತ್ತಿದ್ದೇನೆ. ವ್ಯತ್ಯಾಸ ಊಟದ್ದು.

ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು ಮುದ್ದೆಯ ಜೊತೆ ಹೋಗಬಾರದು, ಅವು ರಕ್ತಕಣಗಳನ್ನು ಒಡೆಯುತ್ತವೆ. ಬೆಂದ ಕೋಳಿಮೂಳೆ ಸೀಳಿ ಕರುಳು ಚುಚ್ಚುತ್ತದೆ. ಊಟ ಸರಿಮಾಡಿ ಎರಡು ತಿಂಗಳಾದರೂ ಕೂದಲು ಹೊಳಪು ಕಾಣದಿದ್ದರೆ ಚರ್ಮ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ವಸಡು ಬಿಳಚಿದ್ದರೆ, ಮೈಮೇಲೆ ಉಣ್ಣೆ ಇದ್ದರೆ ಅಷ್ಟು ದಿನ ಕಾಯಬೇಡಿ. ಉಣ್ಣೆಯಿಂದ ಬರುವ ಜ್ವರ ನಮ್ಮ ಕಡೆ ಸಾಮಾನ್ಯ, ಕೂಡಲೇ ರಕ್ತಪರೀಕ್ಷೆ ಆಗಬೇಕು.

ಪ್ರಶ್ನೆ: ನಾಲ್ಕು ವರ್ಷದ ಹೆಣ್ಣು ಸ್ಪ್ರಿಂಗರ್, ಗರ್ಭಕೋಶ ತೆಗೆಸಿ ಒಂದೂವರೆ ವರ್ಷ. 21 ಕಿಲೋ ಇದ್ದದ್ದು ಈಗ 29. ಮನೆಯಲ್ಲಿ ಇಬ್ಬರೂ ಕಾರ್ಖಾನೆಯ ಶಿಫ್ಟ್ ಕೆಲಸದವರು. ಹೆಚ್ಚೇನೂ ಹಾಕುತ್ತಿಲ್ಲ.
– ಸಿಪ್ಕಾಟ್, ಹೊಸೂರು

ಹೆಚ್ಚೇನೂ ಹಾಕುತ್ತಿಲ್ಲ ಎಂಬುದನ್ನು ನೀವು ಪ್ರಾಮಾಣಿಕವಾಗಿಯೇ ಹೇಳುತ್ತಿದ್ದೀರಿ. ಆದರೆ ಶಿಫ್ಟ್ ಇರುವ ಮನೆಗಳಲ್ಲಿ ನಾನು ಮತ್ತೆ ಮತ್ತೆ ಕಾಣುವುದು ಇದು: ಬೆಳಿಗ್ಗೆ ಆರಕ್ಕೆ ಹೊರಡುವವರು ಒಮ್ಮೆ ಹಾಕುತ್ತಾರೆ, ರಾತ್ರಿ ಪಾಳಿ ಮುಗಿಸಿ ಬಂದವರು ಪಾಪ, ಹಸಿದಿದೆಯೆಂದು ಇನ್ನೊಮ್ಮೆ ಹಾಕುತ್ತಾರೆ. ಅಜ್ಜಿ ಚಹಾ ಹೊತ್ತಿಗೆ ಬಿಸ್ಕತ್ತು ಕೊಡುತ್ತಾರೆ. ಒಂದು ಗ್ಲೂಕೋಸ್ ಬಿಸ್ಕತ್ತಿನಲ್ಲಿ ಸುಮಾರು 20ರಿಂದ 25 ಕ್ಯಾಲರಿ. ದಿನಕ್ಕೆ ಆರು ಕೊಟ್ಟರೆ ಅದರ ಇಡೀ ದಿನದ ಅಗತ್ಯದ ಎಂಟನೇ ಒಂದು ಭಾಗ ಹಾಗೆಯೇ ಒಳಗೆ ಹೋಯಿತು. ಫ್ರಿಜ್ ಮೇಲೆ ಒಂದು ಹಾಳೆ ಅಂಟಿಸಿ. ಕೊಟ್ಟವರು ಗೀಟು ಹಾಕಲಿ, ಬಿಸ್ಕತ್ತಿಗೂ ಹಾಕಲಿ. ಒಂದು ವಾರದಲ್ಲಿ ಚಿತ್ರ ಸ್ಪಷ್ಟವಾಗುತ್ತದೆ.

ಇನ್ನೊಂದು ಕಾರಣ ಶಸ್ತ್ರಚಿಕಿತ್ಸೆ. ಗರ್ಭಕೋಶ ತೆಗೆಸಿದ ಮೇಲೆ ನಾಯಿಗೆ ಬೇಕಾದ ಕ್ಯಾಲರಿ ಕಾಲು ಭಾಗದಷ್ಟು ಇಳಿಯುತ್ತದೆ, ಹಸಿವು ಮಾತ್ರ ಏರುತ್ತದೆ. ಆಪರೇಷನ್ ಆದ ವಾರದಿಂದಲೇ ಊಟ ತಗ್ಗಿಸಬೇಕು. ಹಾಗೆಂದು ಆಪರೇಷನ್ ಮಾಡಿಸಿದ್ದಕ್ಕೆ ಬೇಸರಪಡಬೇಡಿ, ಅದು ಗರ್ಭಕೋಶದ ಕೀವಿನಿಂದ ನಿಮ್ಮ ನಾಯಿಯನ್ನು ಕಾಪಾಡಿದೆ.

ಈಗಿನ 29 ಕಿಲೋಗೆ ಲೆಕ್ಕ ಹಾಕಬೇಡಿ, ಇರಬೇಕಾದ 22 ಕಿಲೋಗೆ ಹಾಕಿ. ತೂಕ ಇಳಿಸಲು ದಿನಕ್ಕೆ 700 ಕ್ಯಾಲರಿ. ಆದರೆ ಮಾಮೂಲಿ ಆಹಾರವನ್ನೇ ಇಷ್ಟು ಕಡಿತ ಮಾಡಿದರೆ ಪ್ರೋಟೀನೂ ಖನಿಜವೂ ಕಡಿತವಾಗುತ್ತವೆ. ತೂಕ ಇಳಿಸಲೆಂದೇ ತಯಾರಿಸಿದ ಆಹಾರವನ್ನು ವೈದ್ಯರಿಂದ ಬರೆಸಿಕೊಳ್ಳಿ. ಹೊಟ್ಟೆ ತುಂಬಿದಂತಾಗಲು ಸೌತೆಕಾಯಿ, ಬೆಂದ ಬೀನ್ಸ್ ಕೊಡಬಹುದು. ತಿಂಡಿ ಏನೇ ಇದ್ದರೂ ದಿನದ ಕ್ಯಾಲರಿಯ ಹತ್ತನೇ ಒಂದು ಭಾಗ ದಾಟಬಾರದು, ಅದನ್ನು 700ರೊಳಗೇ ಎಣಿಸಬೇಕು. ವಾರಕ್ಕೆ 300 ಗ್ರಾಂ ಇಳಿದರೆ ಸಾಕು, ಒಟ್ಟು ಆರು ತಿಂಗಳ ಕೆಲಸ. ಉಪವಾಸ ಹಾಕಬೇಡಿ. ಎರಡು ವಾರಕ್ಕೊಮ್ಮೆ ತೂಗಿ: ನಾಯಿಯನ್ನು ಎತ್ತಿಕೊಂಡು ತಕ್ಕಡಿಯ ಮೇಲೆ ನಿಲ್ಲಿ, ನಿಮ್ಮ ತೂಕ ಕಳೆಯಿರಿ. ಎತ್ತಲಾಗದಿದ್ದರೆ ತರಕಾರಿ ಮಂಡಿಯ ದೊಡ್ಡ ತಕ್ಕಡಿಯೂ ಆಗುತ್ತದೆ. ಎರಡು ತಿಂಗಳು ಕಟ್ಟುನಿಟ್ಟಾಗಿ ಮಾಡಿಯೂ ಇಳಿಯದಿದ್ದರೆ ಥೈರಾಯ್ಡ್ ನೋಡಿಸಿ.

ಇಷ್ಟೆಲ್ಲ ಶ್ರಮ ಏಕೆಂದು ಮನೆಯವರು ಕೇಳಿದರೆ ಇದನ್ನು ಓದಿ ಹೇಳಿ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವವರೆಗೆ ಜೋಡಿ ಜೋಡಿಯಾಗಿ ಸಾಕಿ ನೋಡಿದರು. ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಕಾಲು ಭಾಗ ಕಡಿಮೆ ಊಟ. 2002ರಲ್ಲಿ ಫಲಿತಾಂಶ ಪ್ರಕಟವಾಯಿತು: ಕಡಿಮೆ ತಿಂದವುಗಳ ಮಧ್ಯಮ ಆಯಸ್ಸು 13 ವರ್ಷ, ಹೆಚ್ಚು ತಿಂದವುಗಳದು 11.2. ಕೀಲುನೋವೂ ಕಡಿಮೆ ತಿಂದವಕ್ಕೆ ತಡವಾಗಿ ಬಂತು. ಊಟದ ಅಳತೆಯೊಂದರಿಂದಲೇ ಸುಮಾರು ಎರಡು ವರ್ಷದ ಬದುಕು ಸಿಗುತ್ತದೆಂದರೆ, ಇಷ್ಟು ಅಗ್ಗದ ಔಷಧಿ ನನ್ನ ಬಳಿ ಬೇರೆಯಿಲ್ಲ.

ಪ್ರಶ್ನೆ: ನಮ್ಮ ನಾಯಿ ಗಬ್ಬವಾಗಿ ಒಂದು ತಿಂಗಳು. ಈಗಿನಿಂದಲೇ ಎರಡು ಪಾಲು ಹಾಕಬೇಕೇ?
– ಕೃಷ್ಣಗಿರಿ

ಈಗ ಬೇಡ. ಒಟ್ಟು 63 ದಿನಗಳಲ್ಲಿ ಮರಿಗಳು ಬಹುಪಾಲು ಬೆಳೆಯುವುದು ಕೊನೆಯ ಮೂರು ವಾರದಲ್ಲಿ. ಆರನೇ ವಾರದಿಂದ ಮರಿಗಳ ಆಹಾರಕ್ಕೆ ಬದಲಿಸಿ, ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತ ಹೆರಿಗೆ ಹೊತ್ತಿಗೆ ಮಾಮೂಲಿಗಿಂತ ಕಾಲು ಭಾಗದಿಂದ ಅರ್ಧದಷ್ಟು ಹೆಚ್ಚಾಗಲಿ. ಹೊಟ್ಟೆಯಲ್ಲಿ ಜಾಗ ಕಡಿಮೆಯಾದ್ದರಿಂದ ದಿನಕ್ಕೆ ನಾಲ್ಕು ಸಲ ಕೊಡಿ. ನಿಜವಾದ ಹಸಿವು ಬರುವುದು ಹೆತ್ತ ಮೇಲೆ. ಮೂರನೇ ನಾಲ್ಕನೇ ವಾರದಲ್ಲಿ ಮರಿಗಳ ಸಂಖ್ಯೆಗೆ ತಕ್ಕಂತೆ ಎರಡರಿಂದ ಮೂರು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕಾಗುತ್ತದೆ. ಆಗ ಅಳತೆ ಬಿಟ್ಟುಬಿಡಿ, ಕೇಳಿದಷ್ಟು ಹಾಕಿ. ಗಬ್ಬದಲ್ಲಿ ಕ್ಯಾಲ್ಸಿಯಂ ಕೊಡಬೇಡಿ. ಕೊಟ್ಟರೆ ದೇಹ ತನ್ನ ಮೂಳೆಯಿಂದ ಅದನ್ನು ತೆಗೆಯುವ ಅಭ್ಯಾಸ ಕಳೆದುಕೊಂಡು, ಹಾಲೂಡುವಾಗ ರಕ್ತದ ಕ್ಯಾಲ್ಸಿಯಂ ಕುಸಿಯುತ್ತದೆ. ಹೆತ್ತ ನಾಯಿ ನಡುಗುತ್ತಿದ್ದರೆ, ಕಾಲು ಸೆಟೆದುಕೊಂಡರೆ ಮರಿಗಳನ್ನು ಬೇರೆಮಾಡಿ ತಕ್ಷಣ ಆಸ್ಪತ್ರೆಗೆ ಓಡಿ.

ಪ್ರಶ್ನೆ: ಹನ್ನೊಂದು ವರ್ಷದ ಸ್ಪ್ರಿಂಗರ್. ವಯಸ್ಸಾದ ನಾಯಿಗೆ ಮಾಂಸ ನಿಲ್ಲಿಸಿ ಗಂಜಿ ಕೊಡಬೇಕು ಎನ್ನುತ್ತಾರೆ. ಹಾಗೆ ಮಾಡಿದ್ದೇವೆ. ಸೊರಗುತ್ತಿದೆ.
– ಕೆಲಮಂಗಲ

ಗಂಜಿ ನಿಲ್ಲಿಸಿ, ಮಾಂಸ ಮತ್ತೆ ಶುರುಮಾಡಿ. ಮುದಿ ನಾಯಿಗೆ ಕ್ಯಾಲರಿ ಸ್ವಲ್ಪ ಕಡಿಮೆ ಸಾಕು, 22 ಕಿಲೋದ್ದಕ್ಕೆ 850ರಿಂದ 1,000. ಪ್ರೋಟೀನ್ ಮಾತ್ರ ಕಡಿಮೆಯಾಗಬಾರದು, ಸ್ನಾಯು ಕರಗುವ ವಯಸ್ಸಿನಲ್ಲಿ ಅದರ ಅಗತ್ಯ ಹೆಚ್ಚು. ಮೂತ್ರಪಿಂಡ ಕೆಟ್ಟಿದೆಯೆಂದು ಪರೀಕ್ಷೆಯಲ್ಲಿ ಗೊತ್ತಾದ ನಾಯಿಗೆ ಮಾತ್ರ ಬೇರೆ ಪಥ್ಯ. ಆದ್ದರಿಂದ ಈ ವಾರವೇ ರಕ್ತ, ಮೂತ್ರ ಪರೀಕ್ಷೆ ಮಾಡಿಸಿ, ಬಾಯಿ ತೆರೆದು ಹಲ್ಲು ತೋರಿಸಿ. ತಿನ್ನಲು ಆಸೆಯಿದ್ದೂ ಹಲ್ಲುನೋವಿನಿಂದ ಬಿಡುವ ನಾಯಿಗಳು ಬಹಳ. ಊಟ ಬೆಚ್ಚಗಿರಲಿ, ಮೂಗಿನ ಚುರುಕು ತಗ್ಗಿದ ನಾಯಿಗೆ ಬಿಸಿಯ ವಾಸನೆಯಿಂದ ರುಚಿ ಹುಟ್ಟುತ್ತದೆ.

ಪ್ರಶ್ನೆ: ಮಾವಿನ ತೋಟದವರು ನಾವು. ನಾಯಿ ಹಣ್ಣು ತಿನ್ನಬಹುದೇ?
– ಕಾವೇರಿಪಟ್ಟಣ

ಸಿಪ್ಪೆ ಸುಲಿದ ಎರಡು ಹೋಳು ತಿನ್ನಲಿ. ಓಟೆ ಸಿಗದಂತೆ ನೋಡಿಕೊಳ್ಳಿ. ಸ್ಪ್ರಿಂಗರ್ ಅದನ್ನು ಅಗಿಯದೆ ನುಂಗಬಲ್ಲದು, ಕರುಳಲ್ಲಿ ಸಿಕ್ಕಿಕೊಂಡರೆ ಆಪರೇಷನ್ ಬಿಟ್ಟು ದಾರಿಯಿಲ್ಲ. ಮಾವಿನ ಕಾಲದಲ್ಲಿ ನಾಯಿ ಪದೇಪದೇ ವಾಂತಿ ಮಾಡಿ, ನೀರೂ ನಿಲ್ಲದೆ, ಮಲವಿಸರ್ಜನೆ ನಿಂತರೆ ಓಟೆಯೆಂದೇ ಶಂಕಿಸಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಎಕ್ಸ್-ರೇಯಲ್ಲಿ ಓಟೆ ಸ್ಪಷ್ಟವಾಗಿ ಕಾಣದಿರಬಹುದು, ಸ್ಕ್ಯಾನಿಂಗ್ ಬೇಕಾಗುತ್ತದೆ. ವೈದ್ಯರಿಗೆ ಮೊದಲ ಮಾತಿನಲ್ಲೇ ನಮ್ಮದು ಮಾವಿನ ತೋಟ ಎಂದು ಹೇಳಿ.