ಡೌನ್‌ಲೋಡರ್ ಟ್ರೋಜನ್: ರಿಪೇರಿ ಮೇಜಿನ ಪಾಠಗಳು

ಸಣ್ಣ ಆಫೀಸು, ಡಿಟಿಪಿ ಸೆಂಟರು, ಅಂಗಡಿಗಳ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ನನ್ನದು. ‘ಆಂಟಿವೈರಸ್ ಹಿಡಿದು ಅಳಿಸುತ್ತೆ ಸಾರ್, ಮಾರನೇ ದಿನ ಮತ್ತೆ ಅದೇ ಬರುತ್ತೆ’ ಎಂದು ಯಾರಾದರೂ ಹೇಳಿದರೆ ನನ್ನ ಮೊದಲ ಅನುಮಾನ ಡೌನ್‌ಲೋಡರ್ ಟ್ರೋಜನ್ ಮೇಲೆ.

1. ಮೊದಲು ನೆಟ್ ಕಿತ್ತುಬಿಡಿ

ಈ ಜಾತಿಯ ಟ್ರೋಜನ್ ಗಾತ್ರದಲ್ಲಿ ಪುಟ್ಟದು, ತಾನಾಗಿ ಮಾಡುವ ಹಾನಿ ಕಡಿಮೆ. ಕಳ್ಳರ ಸರ್ವರನ್ನು ಸಂಪರ್ಕಿಸಿ, ಪಾಸ್‌ವರ್ಡ್ ಕದಿಯುವ ಪ್ರೋಗ್ರಾಂ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ್‍ಯಾನ್ಸಮ್‌ವೇರ್ ಇಂಥವನ್ನು ಇಳಿಸಿಕೊಂಡು ಓಡಿಸುವುದೇ ಅದರ ಕಸುಬು. ಹಿತ್ತಿಲ ಬಾಗಿಲು ತೆಗೆದು ಕಳ್ಳರನ್ನು ಒಳಗೆ ಬಿಡುವ ಮನೆಯಾಳಿನಂತೆ. ಹಾಗಾಗಿ ಸ್ಕ್ಯಾನಿಗೂ ಮುಂಚೆ ಲ್ಯಾನ್ ಕೇಬಲ್ ತೆಗೆಯಿರಿ, ವೈಫೈ ಆರಿಸಿ.

2. ಒಂದು ಸಿಕ್ಕಿತೆಂದರೆ ಇನ್ನೊಂದು ಇದೆ ಎಂದುಕೊಳ್ಳಿ

ಎಮೋಟೆಟ್‌ನ ಕಥೆ ನೋಡಿ. 2014ರಲ್ಲಿ ಅದು ಬ್ಯಾಂಕ್ ಮಾಹಿತಿ ಕದಿಯುವ ಟ್ರೋಜನ್ ಆಗಿತ್ತು. ಆಮೇಲೆ ಬೇರೆ ಗುಂಪುಗಳ ಮಾಲ್‌ವೇರ್ ಸಾಗಿಸುವ ದಂಧೆಗೆ ಇಳಿಯಿತು. ಎಮೋಟೆಟ್ ಟ್ರಿಕ್‌ಬಾಟ್ ಎಂಬ ಇನ್ನೊಂದು ಟ್ರೋಜನ್ನನ್ನು ತರುತ್ತಿತ್ತು, ಅದರ ಬೆನ್ನಿಗೆ ರಯೂಕ್ ರ್‍ಯಾನ್ಸಮ್‌ವೇರ್ ಬರುತ್ತಿತ್ತು. 2021ರ ಜನವರಿಯಲ್ಲಿ ಹಲವು ದೇಶಗಳ ಪೊಲೀಸರು ಯೂರೋಪೋಲ್ ಜೊತೆ ಸೇರಿ ಅದರ ಸರ್ವರ್‌ಗಳನ್ನು ವಶಕ್ಕೆ ತೆಗೆದುಕೊಂಡರು. ಅದೇ ವರ್ಷದ ನವೆಂಬರಿನಲ್ಲಿ, ಟ್ರಿಕ್‌ಬಾಟ್ ಸೇರಿಕೊಂಡಿದ್ದ ಯಂತ್ರಗಳ ಮೂಲಕವೇ, ಎಮೋಟೆಟ್ ಮತ್ತೆ ಎದ್ದು ಬಂತು. ಅಳಿಸಿದ್ದನ್ನು ಮತ್ತೆ ತರುವ ಇನ್ನೊಂದು ಒಳಗಿದ್ದರೆ ಹೀಗೇ ಆಗುವುದು.

3. ಫೈಲಿನ ಪೂರ್ತಿ ಹೆಸರು ಓದಿ

ಈ ಟ್ರೋಜನ್ ಒಳಬರುವುದು ಸಾಮಾನ್ಯ ಫೈಲಿನ ವೇಷದಲ್ಲಿ. ‘ಇನ್‌ವಾಯ್ಸ್ ಡಾಟ್ ಪಿಡಿಎಫ್’ ಎಂದು ಕಂಡದ್ದು ನಿಜಕ್ಕೂ ‘ಇನ್‌ವಾಯ್ಸ್ ಡಾಟ್ ಪಿಡಿಎಫ್ ಡಾಟ್ ಜೆಎಸ್’, ಅಂದರೆ ಒತ್ತಿದರೆ ಓಡುವ ಸ್ಕ್ರಿಪ್ಟ್ ಆಗಿರಬಹುದು. ವಿಂಡೋಸ್ ಆ ಕೊನೆಯ ತುಂಡನ್ನು ತಾನಾಗಿಯೇ ಮರೆಮಾಡುತ್ತದೆ. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’ ಟಿಕ್ ಮಾಡಿದರೆ ಬಣ್ಣ ಬಯಲಾಗುತ್ತದೆ. ನಾನು ಕೈಹಾಕುವ ಪ್ರತಿ ಯಂತ್ರದಲ್ಲೂ ಮೊದಲು ಮಾಡುವ ಸೆಟ್ಟಿಂಗ್ ಇದು. ಇಂಟರ್ನೆಟ್‌ನಿಂದ ಬಂದ ಆಫೀಸ್ ಫೈಲುಗಳೊಳಗಿನ ಮ್ಯಾಕ್ರೋ ಎಂಬ ಪುಟ್ಟ ಪ್ರೋಗ್ರಾಂಗಳನ್ನು ಮೈಕ್ರೋಸಾಫ್ಟ್ 2022ರಲ್ಲಿ ತಡೆಯತೊಡಗಿದ ಮೇಲೆ ಕಳ್ಳರು ಐಎಸ್‌ಒ ಎಂಬ ಡಿಸ್ಕ್ ಇಮೇಜ್ ಫೈಲು, ಶಾರ್ಟ್‌ಕಟ್ ಫೈಲು, ಪಾಸ್‌ವರ್ಡ್ ಹಾಕಿದ ಜಿಪ್‌ಗಳ ಕಡೆ ಹೊರಳಿದ್ದಾರೆ. ಇನ್ನು ಪುಕ್ಕಟೆ ಸಾಫ್ಟ್‌ವೇರ್ ಆಸೆಗೆ ಹಾಕುವ ಕ್ರ್ಯಾಕ್, ಆಕ್ಟಿವೇಟರ್‌ಗಳು. ಟ್ರೋಜನ್ ಅವುಗಳ ಜೊತೆಗೂ ಬರುತ್ತದೆ, ದಯವಿಟ್ಟು ಬೇಡ.

4. ಬೇರು ಹುಡುಕಿ

ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಓಡಿಸಿ. ಅದು ಯಂತ್ರವನ್ನು ರೀಸ್ಟಾರ್ಟ್ ಮಾಡಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕುವುದರಿಂದ ಟ್ರೋಜನ್‌ಗೆ ಅಡಗಲು ಜಾಗ ಕಡಿಮೆ. ಆಮೇಲೆ ಡಿಫೆಂಡರ್ ಸ್ಕ್ಯಾನ್ ಮಾಡದೆ ಬಿಡುವ ‘ಎಕ್ಸ್‌ಕ್ಲೂಷನ್ಸ್’ ಪಟ್ಟಿ ತೆರೆಯಿರಿ. ಎಷ್ಟೋ ಮಾಲ್‌ವೇರ್‌ಗಳು ತಮ್ಮ ಫೋಲ್ಡರನ್ನು, ಕೆಲವೊಮ್ಮೆ ಇಡೀ ಸಿ ಡ್ರೈವನ್ನೇ ಅಲ್ಲಿ ಸೇರಿಸಿಟ್ಟಿರುತ್ತವೆ. ಹಾಗಿದ್ದರೆ ಎಷ್ಟು ಸಲ ಸ್ಕ್ಯಾನ್ ಮಾಡಿದರೂ ‘ಏನೂ ಇಲ್ಲ’ ಎಂದೇ ಬರುತ್ತದೆ.

ಮುಂದಿನದು, ಹೇಳಿದ ಹೊತ್ತಿಗೆ ಪ್ರೋಗ್ರಾಂ ಓಡಿಸುವ ಟಾಸ್ಕ್ ಶೆಡ್ಯೂಲರ್. ‘ಅಪ್‌ಡೇಟ್’ ಎಂಬ ಸಭ್ಯ ಹೆಸರಿನ ಟಾಸ್ಕ್ ಒಳಗೆ ಪವರ್‌ಶೆಲ್ ಆಜ್ಞೆ, ಅದರ ಮುಂದೆ ಅರ್ಥವಿಲ್ಲದ ಉದ್ದನೆಯ ಅಕ್ಷರಮಾಲೆ ಕಂಡರೆ ಬಹುಪಾಲು ಅದೇ ಬೇರು. ಮೈಕ್ರೋಸಾಫ್ಟ್‌ನದೇ ಆದ ಆಟೋರನ್ಸ್ ಎಂಬ ಉಚಿತ ಸಾಧನ, ಯಂತ್ರದ ಜೊತೆಗೇ ಏಳುವ ಪ್ರೋಗ್ರಾಂಗಳನ್ನೆಲ್ಲ ಒಂದೆಡೆ ತೋರಿಸುತ್ತದೆ. ಆ್ಯಪ್‌ಡೇಟಾ, ಟೆಂಪ್ ಫೋಲ್ಡರ್‌ಗಳಿಂದ ಓಡುವುದರ ಮೇಲೆ ಕಣ್ಣಿಡಿ. ಹೆಸರಿಗೆ ಮರುಳಾಗಬೇಡಿ: ‘ಎಸ್‌ವಿಸಿಹೋಸ್ಟ್’ ವಿಂಡೋಸ್‌ನ ಅಸಲಿ ಫೈಲೇ, ಆದರೆ ಅದು ಟೆಂಪ್ ಫೋಲ್ಡರಿನಲ್ಲಿದ್ದರೆ ನಕಲಿ. ಮೊದಲು ಟಾಸ್ಕ್ ತೆಗೆಯಿರಿ, ನಂತರ ಫೈಲು.

5. ಅದೇ ಯಂತ್ರದಲ್ಲಿ ಪಾಸ್‌ವರ್ಡ್ ಬದಲಿಸಬೇಡಿ

ಪಾಸ್‌ವರ್ಡ್ ಕದಿಯುವ ಪ್ರೋಗ್ರಾಂ ಇನ್ನೂ ಒಳಗಿರಬಹುದು. ಬೇರೆ ಶುದ್ಧ ಸಾಧನದಿಂದ ಬದಲಿಸಿ, ಎಲ್ಲ ಕಡೆ ಲಾಗ್‌ಔಟ್ ಮಾಡಿ. ಬ್ಯಾಂಕ್, ಜಿಎಸ್‌ಟಿ ಕೆಲಸ ನಡೆಯುವ ಯಂತ್ರವಾದರೆ ನನ್ನ ಸಲಹೆ ಒಂದೇ: ಕಡತಗಳನ್ನು ಉಳಿಸಿಕೊಂಡು ಪೂರ್ತಿ ಫಾರ್ಮ್ಯಾಟ್.

6. ಫೋನಿಗೂ ಇದೇ ಆಟ

ವಾಟ್ಸ್ಆ್ಯಪ್‌ನಲ್ಲಿ ಮದುವೆ ಕರೆಯೋಲೆ, ಟ್ರಾಫಿಕ್ ಚಲನ್ ಎಂದು ಆ್ಯಪ್ ಇನ್‌ಸ್ಟಾಲ್ ಮಾಡುವ ಎಪಿಕೆ ಫೈಲು ಬರುತ್ತದೆ. ಹಾಕಿಕೊಂಡರೆ ‘ಅಪ್‌ಡೇಟ್ ಮಾಡಿ’ ಎಂದು ಎರಡನೆಯದನ್ನು ಇಳಿಸಿ, ಎಸ್ಎಂಎಸ್ ಓದುವ ಅನುಮತಿ ಕೇಳಿ, ಒಟಿಪಿ ಕದಿಯುತ್ತದೆ. ಏರ್‌ಪ್ಲೇನ್ ಮೋಡ್ ಹಾಕಿ, ಸೇಫ್ ಮೋಡ್‌ಗೆ ಹೋಗಿ, ಡಿವೈಸ್ ಅಡ್ಮಿನ್ ಅನುಮತಿ ತೆಗೆದು ಅನ್‌ಇನ್‌ಸ್ಟಾಲ್ ಮಾಡಿ. ಹಣ ಹೋಗಿದ್ದರೆ ಫೋನ್ ರಿಪೇರಿ ಆಮೇಲೆ ಆಗಲಿ. ಇನ್ನೊಂದು ಫೋನಿನಿಂದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ, ಜೊತೆಗೆ ನಿಮ್ಮ ಬ್ಯಾಂಕಿಗೆ ಕರೆ ಮಾಡಿ.