ಮಕ್ಕಳಲ್ಲಿ ಸೂಜಿಹುಳು: ಗುರುತು, ಪರೀಕ್ಷೆ, ಔಷಧ

ಸೂಜಿಹುಳು ಮನುಷ್ಯರ ದೊಡ್ಡಕರುಳಿನಲ್ಲಿ ಬದುಕುವ, ಬಿಳಿ ದಾರದ ತುಣುಕಿನಂಥ ಜಂತುಹುಳು. ಹೆಣ್ಣುಹುಳು ಸುಮಾರು 1 ಸೆಂಟಿಮೀಟರ್ ಉದ್ದವಿರುತ್ತದೆ. ಮಗು ಮಲಗಿ ಎರಡು ಮೂರು ಗಂಟೆಯಾದ ಮೇಲೆ ಅದು ಗುದದಿಂದ ಹೊರಬಂದು ಸುತ್ತಲಿನ ಚರ್ಮದ ಮೇಲೆ ಸಾವಿರಾರು ಮೊಟ್ಟೆ ಇಡುತ್ತದೆ. ಆಗ ಶುರುವಾಗುವ ತುರಿಕೆಗೆ ಮಗು ನಿದ್ದೆಗಣ್ಣಲ್ಲೇ ಕೆರೆದುಕೊಳ್ಳುತ್ತದೆ. ಮೊಟ್ಟೆ ಉಗುರಿನ ಸಂದಿ ಸೇರಿ, ಬೆಳಿಗ್ಗೆ ಅದೇ ಬೆರಳಿನಿಂದ ಬಾಯಿಗೆ ಹೋಗುತ್ತದೆ. ಹಾಸಿಗೆ, ಬಟ್ಟೆ, ಆಟಿಕೆಗಳ ಮೇಲೂ ಮೊಟ್ಟೆ ಎರಡು ವಾರದವರೆಗೆ ಬದುಕಬಲ್ಲದು.

ಬೆಲ್ಲ, ಸಿಹಿ ಹೆಚ್ಚು ತಿಂದರೆ ಹೊಟ್ಟೆಹುಳ ಆಗುತ್ತದೆ ಎಂಬ ಮಾತು ಚಿಂತಾಮಣಿ, ಶಿಡ್ಲಘಟ್ಟದ ಕಡೆಯ ಮನೆಗಳಲ್ಲಿ ಹೊಸದಲ್ಲ. ಸಿಹಿಗೂ ಈ ಹುಳಕ್ಕೂ ಸಂಬಂಧವಿಲ್ಲ. ಊರಿನ ಮಣ್ಣಿನಿಂದ ಬಂದದ್ದೂ ಅಲ್ಲ: ಅಮೆರಿಕ, ಬ್ರಿಟನ್‌ನಂಥ ದೇಶಗಳಲ್ಲೂ ಶಾಲಾಮಕ್ಕಳಲ್ಲಿ ಇದು ಸಾಮಾನ್ಯ. ಊರು ಬಿಟ್ಟು ಅಂಥ ದೇಶಗಳಿಗೆ ಹೋಗಿ ನೆಲೆಸಿದವರು ಇದನ್ನು ಮನೆಯ ಕೊಳಕೆಂದು ತಿಳಿದು ಮುಚ್ಚಿಡುವುದರಿಂದ ಮಗುವಿಗೇ ತೊಂದರೆ.

ಗೌರಿಬಿದನೂರು, ಚಿಕ್ಕಬಳ್ಳಾಪುರದ ಅಂಗನವಾಡಿ, ಶಾಲೆಗಳಲ್ಲಿ ಓದಿ ಬಂದ ಮಕ್ಕಳಿಗೆ ಜಂತುಹುಳು ಮಾತ್ರೆ ಹೊಸದಲ್ಲ. 2015ರಲ್ಲಿ ಶುರುವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಕೊಡುವ ಆ ಅಲ್ಬೆಂಡಜೋಲ್ ಮುಖ್ಯವಾಗಿ ಮಣ್ಣಿನಿಂದ ಹರಡುವ ಹುಳಗಳಿಗಾಗಿ. ಅದು ಸೂಜಿಹುಳುವನ್ನೂ ಕೊಲ್ಲುತ್ತದೆ, ಆದರೆ ಒಂದು ಮಗು ಒಂದೇ ಸಲ ನುಂಗಿದರೆ ಮನೆಯಿಂದ ಸೋಂಕು ಹೋಗುವುದಿಲ್ಲ.

ರಾತ್ರಿ ಗುದದ ಸುತ್ತ ನವೆ, ನಿದ್ದೆಗೇಡು, ಸಿಡುಕು ಸೂಜಿಹುಳುವಿನ ಸಾಮಾನ್ಯ ಲಕ್ಷಣಗಳು. ಹೆಣ್ಣುಮಕ್ಕಳಿಗೆ ಮೂತ್ರ ಮಾಡುವ ಜಾಗದಲ್ಲೂ ತುರಿಕೆ ಬರಬಹುದು. ಎಷ್ಟೋ ಮಕ್ಕಳಲ್ಲಿ ಯಾವ ಲಕ್ಷಣವೂ ಇರುವುದಿಲ್ಲ. ಮಗು ನಿದ್ದೆಹೋದ ಮೇಲೆ ಟಾರ್ಚ್ ಹಿಡಿದು ನೋಡಿದರೆ ಹುಳು ಕಣ್ಣಿಗೇ ಬೀಳಬಹುದು. ಮೊಟ್ಟೆ ಕರುಳಿನೊಳಗಲ್ಲ, ಹೊರಗಿನ ಚರ್ಮದ ಮೇಲೆ ಇರುವುದರಿಂದ ಮಲಪರೀಕ್ಷೆಯಲ್ಲಿ ಬಹಳ ಸಲ ಏನೂ ಸಿಗುವುದಿಲ್ಲ. ನಂಬಬಹುದಾದದ್ದು ಟೇಪ್ ಪರೀಕ್ಷೆ: ಮಗು ಎದ್ದ ಕೂಡಲೇ, ಕಕ್ಕಸಿಗೆ ಹೋಗುವ ಮುಂಚೆ, ಸ್ನಾನಕ್ಕೂ ಮುಂಚೆ, ಪಾರದರ್ಶಕ ಟೇಪನ್ನು ಗುದದ ಸುತ್ತ ಒತ್ತಿ ತೆಗೆದು ಗಾಜಿನ ಸ್ಲೈಡಿಗೆ ಅಂಟಿಸಿ ವೈದ್ಯರಿಗೆ ಕೊಡುವುದು. ಮೂರು ದಿನ ಬೆಳಿಗ್ಗೆ ಹೀಗೆ ಮಾಡಿದರೆ ಸೋಂಕು ತಪ್ಪಿಹೋಗುವುದು ಅಪರೂಪ.

ಅಲ್ಬೆಂಡಜೋಲ್, ಮೆಬೆಂಡಜೋಲ್, ಪೈರಾಂಟೆಲ್ ಇವುಗಳಲ್ಲಿ ಒಂದನ್ನು ಕೊಡುತ್ತಾರೆ. ಪೈರಾಂಟೆಲ್ ಅಮೆರಿಕದಲ್ಲಿ, ಮೆಬೆಂಡಜೋಲ್ ಬ್ರಿಟನ್‌ನಲ್ಲಿ ಚೀಟಿಯಿಲ್ಲದೆ ಔಷಧದಂಗಡಿಯಲ್ಲಿ ಸಿಗುತ್ತವೆ. ಎರಡು ವರ್ಷದೊಳಗಿನ ಮಗು, ಗರ್ಭಿಣಿ, ಬಾಣಂತಿಗೆ ಮಾತ್ರ ವೈದ್ಯರನ್ನು ಕೇಳದೆ ಕೊಡಬಾರದು. ಔಷಧ ಹುಳುವನ್ನು ಕೊಲ್ಲುತ್ತದೆ, ಮೊಟ್ಟೆಗಳನ್ನಲ್ಲ. ಅದಕ್ಕೇ ಎರಡು ವಾರದ ನಂತರ ಎರಡನೆಯ ಸಲ. ಊರಿನಿಂದ ಬಂದ ಅಜ್ಜಿ ತಾತನೂ ಸೇರಿ ಮನೆಯವರೆಲ್ಲ ಒಂದೇ ದಿನ ನುಂಗಬೇಕು. ಒಬ್ಬರು ಬಿಟ್ಟುಹೋದರೂ ಅವರಿಂದಲೇ ಮತ್ತೆ ಶುರು.

ಆ ದಿನವೇ ಹಾಸಿಗೆ ಬಟ್ಟೆಗಳನ್ನು ಕೊಡವದೆ ಸುತ್ತಿ ತೆಗೆದು ಬಿಸಿನೀರಿನಲ್ಲಿ ಒಗೆಯಬೇಕು. ಉಗುರು ಮೊಟಕಾಗಿರಲಿ, ಸ್ನಾನ ಬೆಳಿಗ್ಗೆಯೇ ಆಗಲಿ, ಒಳಚಡ್ಡಿ ದಿನವೂ ಬದಲಾಗಲಿ. ಎರಡು ಸಲ ಔಷಧ ತೆಗೆದುಕೊಂಡ ಮೇಲೂ ತುರಿಕೆ ಬಂದರೆ, ಅದು ಹೆಚ್ಚಾಗಿ ಶಾಲೆಯಲ್ಲೋ ಮನೆಯಲ್ಲೋ ಹತ್ತಿದ ಹೊಸ ಸೋಂಕು; ವೈದ್ಯರು ಮತ್ತೆ ಪರೀಕ್ಷಿಸಿ ಅದೇ ಚಿಕಿತ್ಸೆಯನ್ನು ಇನ್ನೊಮ್ಮೆ ಕೊಡುತ್ತಾರೆ.