ಎಚ್‌ಐವಿಯೊಂದಿಗೆ ಜೀವಿಸುತ್ತಿರುವ ಪುರುಷರಿಗೆ ಲೈಂಗಿಕ ಸೋಂಕುಗಳ ತಪಾಸಣೆ: ಗ್ರಾಮ ಪಂಚಾಯಿತಿ ಮಟ್ಟದ ಅಧ್ಯಯನ ಪಾಠ

ಪಾಠದ ಉದ್ದೇಶ

ಗ್ರಾಮ ಪಂಚಾಯಿತಿ ಸದಸ್ಯರು, ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸದಸ್ಯರು, ಆಶಾ ಕಾರ್ಯಕರ್ತೆಯರು ಹಾಗೂ ಪಂಚಾಯಿತಿ ಸಿಬ್ಬಂದಿ ಸಭೆಯಲ್ಲಿ ಓದಿ ಚರ್ಚಿಸುವುದಕ್ಕಾಗಿ ಈ ಪಾಠವನ್ನು ಸಿದ್ಧಪಡಿಸಲಾಗಿದೆ. ಎಆರ್‌ಟಿ ಮಾತ್ರೆಯನ್ನು ತಪ್ಪದೆ ಸೇವಿಸುತ್ತಿರುವ ಪುರುಷರಿಗೂ ಇತರ ಲೈಂಗಿಕ ಸೋಂಕುಗಳ ತಪಾಸಣೆ ಏಕೆ ಅಗತ್ಯ, ಅದು ಹೇಗೆ ನಡೆಯುತ್ತದೆ, ಅದರಲ್ಲಿ ಪಂಚಾಯಿತಿಯ ಪಾತ್ರವೇನು ಮತ್ತು ಆ ಪಾತ್ರದ ಮಿತಿಯೇನು ಎಂಬುದನ್ನು ಇದು ವಿವರಿಸುತ್ತದೆ.

1. ದುಬಲಗುಂಡಿ ಭಾಗಕ್ಕೆ ಈ ವಿಷಯದ ಸಂಬಂಧ

ಪುಣೆ–ಹೈದರಾಬಾದ್ ರಾಷ್ಟ್ರೀಯ ಹೆದ್ದಾರಿ 65 ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳ ಮೂಲಕ ಹಾದುಹೋಗುತ್ತದೆ. ದುಬಲಗುಂಡಿ ಮತ್ತು ಸುತ್ತಲಿನ ಗ್ರಾಮಗಳ ಅನೇಕ ಕುಟುಂಬಗಳ ದುಡಿಮೆ ಈ ದಾರಿಯೊಂದಿಗೆ ಬೆಸೆದುಕೊಂಡಿದೆ. ಕೆಲವರು ಲಾರಿ ಚಾಲಕರು ಮತ್ತು ಕ್ಲೀನರುಗಳು. ಕೆಲವರು ಕಟ್ಟಡ ಕೆಲಸಕ್ಕಾಗಿ ಹೈದರಾಬಾದ್, ಪುಣೆ, ಮುಂಬಯಿಗಳಿಗೆ ಹೋಗಿ ತಿಂಗಳುಗಟ್ಟಲೆ ಮನೆಯಿಂದ ದೂರವಿರುವವರು. ಸೋಂಕಿಗೆ ಕಾರಣ ವೃತ್ತಿಯಲ್ಲ. ಆದರೆ ದೀರ್ಘಕಾಲ ಮನೆಯಿಂದ ದೂರವಿರುವವರಿಗೆ ಆರೋಗ್ಯ ಸೇವೆಯೂ ದೂರವಾಗುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈ ನಗರದಲ್ಲಿ. ಸರ್ಕಾರವು ಉಚಿತ ಎಆರ್‌ಟಿ ಚಿಕಿತ್ಸೆಯನ್ನು 2004ರ ಏಪ್ರಿಲ್ 1ರಂದು ಆರಂಭಿಸಿತು. 2017ರಿಂದ, ಸಿಡಿ4 ಕಣಗಳ ಸಂಖ್ಯೆ ಎಷ್ಟೇ ಇದ್ದರೂ, ಸೋಂಕು ದೃಢಪಟ್ಟ ಕೂಡಲೇ ಚಿಕಿತ್ಸೆ ನೀಡುವ ನೀತಿ ಜಾರಿಯಲ್ಲಿದೆ. ಇದರ ಫಲವಾಗಿ ಸೋಂಕಿತ ವ್ಯಕ್ತಿಯು ದುಡಿಯುತ್ತಾನೆ, ಸಂಸಾರ ನಡೆಸುತ್ತಾನೆ, ದೀರ್ಘಾಯುಷಿಯಾಗಿ ಬಾಳುತ್ತಾನೆ. ಆದ್ದರಿಂದ ಜೀವ ಉಳಿಸುವುದರ ಜೊತೆಗೆ ಅವನ ಒಟ್ಟು ಆರೋಗ್ಯವನ್ನೂ ಕಾಪಾಡುವುದು ಇಂದಿನ ಹೊಣೆಯಾಗಿದೆ.

2. ಒಂದು ಪರೀಕ್ಷೆಗೆ ಒಂದೇ ಉತ್ತರ

ಕುಡಿಯುವ ನೀರಿನ ಪರೀಕ್ಷೆ ಪಂಚಾಯಿತಿಗಳಿಗೆ ಪರಿಚಿತವಾದ ಕೆಲಸ. ಫ್ಲೋರೈಡ್ ಪರೀಕ್ಷೆಯಲ್ಲಿ ನೀರು ಸರಿಯಿದೆಯೆಂದು ಬಂದ ಮಾತ್ರಕ್ಕೆ ಅದರಲ್ಲಿ ರೋಗಾಣುಗಳಿಲ್ಲವೆಂದು ಯಾರೂ ಹೇಳುವುದಿಲ್ಲ. ಅದಕ್ಕೆ ಎಚ್2ಎಸ್ ಬಾಟಲಿಯಲ್ಲಿ ನೀರು ತುಂಬಿಸಿ, ಬಣ್ಣ ಕಪ್ಪಾಗುವುದೇ ಎಂದು ಬೇರೆಯಾಗಿಯೇ ನೋಡಬೇಕು. ಕಣ್ಣಿಗೆ ತಿಳಿಯಾಗಿ ಕಾಣುವ ನೀರೂ ಈ ಪರೀಕ್ಷೆಯಲ್ಲಿ ಕಪ್ಪಾಗಬಹುದು.

ವೈರಲ್ ಲೋಡ್ ಪರೀಕ್ಷೆಗೂ ಇದೇ ಮಾತು ಅನ್ವಯಿಸುತ್ತದೆ. ಅದು ರಕ್ತದಲ್ಲಿ ಎಚ್‌ಐವಿ ಎಷ್ಟಿದೆ ಎಂಬುದನ್ನು ಮಾತ್ರ ಹೇಳುತ್ತದೆ. ಮಾತ್ರೆಯನ್ನು ತಪ್ಪದೆ ಸೇವಿಸಿ, ವೈರಾಣು ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೆಯೇ ಉಳಿದರೆ, ಆ ವ್ಯಕ್ತಿಯಿಂದ ಲೈಂಗಿಕ ಸಂಪರ್ಕದ ಮೂಲಕ ಎಚ್‌ಐವಿ ಹರಡುವುದಿಲ್ಲ. ಇದು ದೃಢಪಟ್ಟ ಸತ್ಯ ಮತ್ತು ಬಹು ದೊಡ್ಡ ನೆಮ್ಮದಿ. ಆದರೆ ಅದೇ ಮಾತ್ರೆ ಸಿಫಿಲಿಸ್, ಗೊನೋರಿಯಾ, ಕ್ಲಮೈಡಿಯಾ ಸೋಂಕುಗಳನ್ನು ತಡೆಯುವುದಿಲ್ಲ. ಅವುಗಳಿಗೆ ಕಾಂಡೋಮ್ ರಕ್ಷಣೆ. ಪತ್ತೆಗೆ ಪ್ರತ್ಯೇಕ ತಪಾಸಣೆ.

ಮಾತ್ರೆ ಸೇವನೆ ನಿಂತುಹೋದವರಲ್ಲಿ ಅಪಾಯ ಇನ್ನೂ ಹೆಚ್ಚು. ಆಫ್ರಿಕಾದ ಮಲಾವಿ ದೇಶದಲ್ಲಿ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೂತ್ರನಾಳದ ಸೋಂಕಿದ್ದ ಎಚ್‌ಐವಿ ಪೀಡಿತ ಪುರುಷರ ವೀರ್ಯದಲ್ಲಿ ವೈರಾಣುವಿನ ಪ್ರಮಾಣ ಉಳಿದವರಿಗಿಂತ ಸುಮಾರು 8 ಪಟ್ಟು ಅಧಿಕವಾಗಿತ್ತು. ಆ ಸೋಂಕಿಗೆ ಚಿಕಿತ್ಸೆ ನೀಡಿದ ಬಳಿಕ ಅದು ಇಳಿಯಿತು.

3. ಲಕ್ಷಣ ತೋರದ ಸೋಂಕುಗಳು

"ನನಗೆ ಏನೂ ತೊಂದರೆಯಿಲ್ಲ, ತಪಾಸಣೆ ಏಕೆ?" ಎಂಬುದು ಸಾಮಾನ್ಯ ಪ್ರಶ್ನೆ. ಸಿಫಿಲಿಸ್ ರೋಗದ ನಡಿಗೆಯೇ ಇದಕ್ಕೆ ಉತ್ತರ. ಮೊದಲು ನೋವಿಲ್ಲದ ಒಂದು ಹುಣ್ಣು ಕಾಣಿಸಿಕೊಂಡು, ಔಷಧವಿಲ್ಲದೆಯೇ 3ರಿಂದ 6 ವಾರಗಳಲ್ಲಿ ಮಾಯುತ್ತದೆ. ಅನಂತರ ಅಂಗೈ, ಅಂಗಾಲುಗಳಲ್ಲಿಯೂ ಮೈಮೇಲೂ ತುರಿಕೆಯಿಲ್ಲದ ಗುಳ್ಳೆ ಅಥವಾ ಕಲೆಗಳು ಕಾಣಬಹುದು, ಅವೂ ಮಾಯುತ್ತವೆ. ಆ ಬಳಿಕ ರೋಗವು ವರ್ಷಗಟ್ಟಲೆ ಒಳಗೇ ಅಡಗಿರುತ್ತದೆ. ಹುಣ್ಣು ಮಾಯಿತೆಂದರೆ ರೋಗ ಹೋಯಿತೆಂದಲ್ಲ. ಎಚ್‌ಐವಿ ಇರುವವರಲ್ಲಿ ಅದು ಮಿದುಳು, ನರ, ಕಣ್ಣುಗಳಿಗೆ ತಗಲುವ ಸಂಭವ ಹೆಚ್ಚು. ದೃಷ್ಟಿ ಮಂಜಾಗುವುದು, ಕಿವಿ ಮಂದವಾಗುವುದು, ಬಿಡದ ತಲೆನೋವು ಕಂಡುಬಂದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು.

ಗೊನೋರಿಯಾ ಪುರುಷರ ಮೂತ್ರನಾಳಕ್ಕೆ ತಗಲಿದಾಗ ಸಾಮಾನ್ಯವಾಗಿ ಕೀವು ಮತ್ತು ಉರಿಯಿಂದ ತಿಳಿಯುತ್ತದೆ. ಕ್ಲಮೈಡಿಯಾ ಅನೇಕರಲ್ಲಿ ಸುಳಿವನ್ನೇ ಕೊಡುವುದಿಲ್ಲ. ಗಂಟಲು ಮತ್ತು ಗುದದ್ವಾರದಲ್ಲಿ ಈ ಎರಡೂ ಸೋಂಕುಗಳು ಬಹುಮಟ್ಟಿಗೆ ಲಕ್ಷಣರಹಿತವಾಗಿರುತ್ತವೆ. ಮೂತ್ರ ಪರೀಕ್ಷೆಯೊಂದರಿಂದಲೇ ಅವು ಪತ್ತೆಯಾಗುವುದಿಲ್ಲ. ಆದ್ದರಿಂದ ಪುರುಷರೊಂದಿಗೆ ಸಂಪರ್ಕ ಹೊಂದಿರುವ ಪುರುಷರು ಆ ವಿಷಯವನ್ನು ಆಪ್ತಸಮಾಲೋಚಕರಿಗೆ ಅಂಜಿಕೆಯಿಲ್ಲದೆ ಹೇಳುವಂತಿರಬೇಕು. ವಯಸ್ಕರ ನಡುವಿನ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 6ರಂದು ತೀರ್ಪು ನೀಡಿದೆ.

ಈ ಲಕ್ಷಣಗಳನ್ನು "ಇಂಜಿನ್ ಬಿಸಿಗೆ ಉಷ್ಣವಾಗಿದೆ" ಎಂದು ತಿಳಿದು ಎಳನೀರು ಕುಡಿದು ಸುಮ್ಮನಾಗುವವರಿದ್ದಾರೆ. ಗೋಡೆಬರಹ ನೋಡಿ "ಗುಪ್ತರೋಗ ತಜ್ಞ"ರಲ್ಲಿಗೆ ಹೋಗಿ ಹಣ ಕಳೆದುಕೊಳ್ಳುವವರೂ ಇದ್ದಾರೆ. ಎರಡೂ ಕಡೆ ಕಳೆದುಹೋಗುವುದು ಚಿಕಿತ್ಸೆಯ ಸಮಯ.

4. ಯಾವ ತಪಾಸಣೆ, ಎಷ್ಟು ಬಾರಿ?

• ಪ್ರತಿ ಭೇಟಿಯಲ್ಲಿ: ಹುಣ್ಣು, ಕೀವು, ಉರಿಮೂತ್ರ, ತೊಡೆಸಂದಿಯ ಗಡ್ಡೆ, ಮೈಮೇಲಿನ ಕಲೆಗಳ ಬಗ್ಗೆ ವಿಚಾರಣೆ, ಅಗತ್ಯವಿದ್ದರೆ ದೇಹ ಪರೀಕ್ಷೆ.

• ನೋಂದಣಿಯ ಸಮಯದಲ್ಲಿ, ಬಳಿಕ ವರ್ಷಕ್ಕೊಮ್ಮೆಯಾದರೂ: ಸಿಫಿಲಿಸ್ ರಕ್ತಪರೀಕ್ಷೆ. ಒಬ್ಬರಿಗಿಂತ ಹೆಚ್ಚು ಸಂಗಾತಿಗಳಿರುವವರಿಗೆ 3ರಿಂದ 6 ತಿಂಗಳಿಗೊಮ್ಮೆ. ಸೋಂಕು ತಗಲಿದ ಮೊದಲ ವಾರಗಳಲ್ಲಿ ಫಲಿತಾಂಶ ನೆಗೆಟಿವ್ ಬರಬಹುದಾದ್ದರಿಂದ ಸಂಶಯವಿದ್ದಲ್ಲಿ ಮತ್ತೊಮ್ಮೆ ಪರೀಕ್ಷಿಸಬೇಕು.

• ಹೆಪಟೈಟಿಸ್ ಬಿ ಮತ್ತು ಸಿ: ಆರಂಭದಲ್ಲಿ ಪರೀಕ್ಷೆ. ಟಿಎಲ್‌ಡಿ ಮಾತ್ರೆಯಲ್ಲಿರುವ ಎರಡು ಔಷಧಗಳು ಹೆಪಟೈಟಿಸ್ ಬಿ ವೈರಾಣುವನ್ನೂ ಅದುಮಿಡುತ್ತವೆ. ಆದ್ದರಿಂದ ಎರಡೂ ಸೋಂಕುಗಳಿರುವವರು ಮಾತ್ರೆಯನ್ನು ತಟ್ಟನೆ ನಿಲ್ಲಿಸಿದರೆ ಯಕೃತ್ತಿನ ಉರಿಯೂತ ಕೆರಳಬಹುದು.

• ಗೊನೋರಿಯಾ, ಕ್ಲಮೈಡಿಯಾ: ನಿಖರ ಪತ್ತೆಗೆ ಬೇಕಾದ ಪ್ರಯೋಗಾಲಯ ಪರೀಕ್ಷೆ ಎಲ್ಲ ತಾಲ್ಲೂಕು ಆಸ್ಪತ್ರೆಗಳಲ್ಲಿ ದೊರೆಯುವುದಿಲ್ಲ. ಹೀಗಾಗಿ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಲಕ್ಷಣಾಧಾರಿತ ಚಿಕಿತ್ಸೆಗೆ ಬಣ್ಣಗಳಿಂದ ಗುರುತಿಸಿದ 7 ಬಗೆಯ ಔಷಧ ಕಿಟ್‌ಗಳನ್ನು ಉಚಿತವಾಗಿ ಕೊಡಲಾಗುತ್ತದೆ. ಮೂತ್ರನಾಳದ ಕೀವಿಗೆ ಕೊಡುವುದು ಬೂದು ಬಣ್ಣದ 1ನೇ ಕಿಟ್.

5. ಒಂದು ಕಾಲ್ಪನಿಕ ಉದಾಹರಣೆ

ವಿಷಯ ಮನದಟ್ಟಾಗಲು 38 ವರ್ಷದ ಲಾರಿ ಚಾಲಕನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಆರು ವರ್ಷಗಳಿಂದ ಎಆರ್‌ಟಿ ಪಡೆಯುತ್ತಿದ್ದಾನೆ, ವೈರಾಣು ಪತ್ತೆಯಾಗುತ್ತಿಲ್ಲ. ಪತ್ನಿಯ ಎಚ್‌ಐವಿ ಪರೀಕ್ಷೆ ನೆಗೆಟಿವ್. ಆಕೆ ಈಗ ಆರು ತಿಂಗಳ ಗರ್ಭಿಣಿ. ಮೂರನೇ ತಿಂಗಳಲ್ಲಿ ಮಾಡಿದ ಆಕೆಯ ಸಿಫಿಲಿಸ್ ಪರೀಕ್ಷೆಯೂ ನೆಗೆಟಿವ್ ಎಂದು ದಾಖಲೆಯಲ್ಲಿದೆ. ಮಾತ್ರೆ ಪಡೆಯಲು ಬಂದಾಗ ಆಪ್ತಸಮಾಲೋಚಕರು ಕೇಳಿದ ಮೇಲೆ, ಎರಡು ತಿಂಗಳ ಹಿಂದೆ ಒಂದು ಹುಣ್ಣಾಗಿ ತಾನಾಗಿಯೇ ವಾಸಿಯಾಯಿತೆಂದು ಅವನು ತಿಳಿಸುತ್ತಾನೆ. ರಕ್ತಪರೀಕ್ಷೆಯಲ್ಲಿ ಸಿಫಿಲಿಸ್ ದೃಢವಾಗುತ್ತದೆ. ಆರ್‌ಪಿಆರ್ ಮಟ್ಟ 1:32.

ರೋಗ ಆರಂಭದ ಹಂತದಲ್ಲಿರುವುದರಿಂದ 24 ಲಕ್ಷ ಯೂನಿಟ್ ಬೆಂಜಥೈನ್ ಪೆನಿಸಿಲಿನ್ ಒಂದು ಬಾರಿ ಸಾಕು. ವರ್ಷ ಕಳೆದಿದ್ದರೆ ವಾರಕ್ಕೊಂದರಂತೆ ಮೂರು ಬಾರಿ ಕೊಡಬೇಕಾಗುತ್ತಿತ್ತು. ಆದರೆ ಅವನೊಬ್ಬನ ಚಿಕಿತ್ಸೆಯಿಂದ ಕೆಲಸ ಮುಗಿಯುವುದಿಲ್ಲ. ಪತ್ನಿಯ ಹಿಂದಿನ ನೆಗೆಟಿವ್ ಫಲಿತಾಂಶ ಆ ದಿನಕ್ಕೆ ಮಾತ್ರ ಸತ್ಯ. ಅನಂತರ ತಗಲಿದ ಸೋಂಕನ್ನು ಅದು ಹೇಳಲಾರದು. ಚಿಕಿತ್ಸೆಯಿಲ್ಲದಿದ್ದರೆ ಗರ್ಭದಲ್ಲೇ ಮಗು ಸಾಯಬಹುದು ಅಥವಾ ಸೋಂಕಿನೊಂದಿಗೆ ಹುಟ್ಟಬಹುದು. ಅವನ ಒಪ್ಪಿಗೆಯೊಂದಿಗೆ ಪತ್ನಿಯನ್ನೂ ಕರೆಸಿ, ಪರೀಕ್ಷಿಸಿ, ಪೆನಿಸಿಲಿನ್ ನೀಡಿದರೆ ತಾಯಿ, ಮಗು ಇಬ್ಬರಿಗೂ ರಕ್ಷಣೆ ದೊರೆಯುತ್ತದೆ. ಮುಂದಿನ ತಿಂಗಳುಗಳಲ್ಲಿ ಅವನ ಆರ್‌ಪಿಆರ್ ಮಟ್ಟ 1:8 ಅಥವಾ ಅದಕ್ಕಿಂತ ಕೆಳಗಿಳಿದರೆ ಚಿಕಿತ್ಸೆ ಫಲಿಸಿದೆ ಎಂದರ್ಥ. ಇಷ್ಟೆಲ್ಲವೂ ಸಾಧ್ಯವಾದದ್ದು ಆಪ್ತಸಮಾಲೋಚಕರ ಒಂದು ಪ್ರಶ್ನೆಯಿಂದ ಮತ್ತು ಒಂದು ರಕ್ತಪರೀಕ್ಷೆಯಿಂದ.

6. ಗೋಪ್ಯತೆ

ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಅಧಿನಿಯಮ, 2017 ಎಂಬ ಕಾನೂನು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ತಿಳಿವಳಿಕೆಯ ಸಮ್ಮತಿಯಿಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವಂತಿಲ್ಲ. ಸೋಂಕಿತರ ಸ್ಥಿತಿಯನ್ನು ಬಹಿರಂಗಪಡಿಸುವಂತಿಲ್ಲ. ಉದ್ಯೋಗ, ಶಿಕ್ಷಣ, ಆರೋಗ್ಯ ಸೇವೆ, ವಸತಿಗಳಲ್ಲಿ ತಾರತಮ್ಯ ಸಲ್ಲದು. ಆದಕಾರಣ ಗ್ರಾಮದಲ್ಲಿ ಸೋಂಕಿತರು ಎಷ್ಟು ಮಂದಿ, ಯಾರು ಎಂಬ ಪಟ್ಟಿಯನ್ನು ಪಂಚಾಯಿತಿ ಕೇಳತಕ್ಕದ್ದಲ್ಲ, ಇಟ್ಟುಕೊಳ್ಳತಕ್ಕದ್ದಲ್ಲ. ಹೆಸರು ಹೊರಬೀಳುವ ಭಯವಿದ್ದಲ್ಲಿ ತಪಾಸಣೆಗೆ ಯಾರೂ ಬರುವುದಿಲ್ಲ.

7. ಪಂಚಾಯಿತಿ ಮಾಡಬಹುದಾದ ಕೆಲಸಗಳು

ಅ) ಉಚಿತ ಸಹಾಯವಾಣಿ 1097 ಸಂಖ್ಯೆಯನ್ನು ಬಸ್ ನಿಲ್ದಾಣ, ಲಾರಿ ನಿಲುಗಡೆ ಸ್ಥಳ, ಪಂಚಾಯಿತಿ ಕಚೇರಿಯ ಗೋಡೆಗಳ ಮೇಲೆ ಬರೆಸುವುದು.

ಆ) ಚಾಲಕರಿಗಾಗಿ ರಕ್ತದೊತ್ತಡ, ಸಕ್ಕರೆ, ಕಣ್ಣಿನ ಸಾಮಾನ್ಯ ತಪಾಸಣಾ ಶಿಬಿರ ನಡೆಸುವಾಗ, ಎಲ್ಲರಿಗೂ ಸಮಾನವಾಗಿ, ಪ್ರತ್ಯೇಕ ಕೋಣೆಯಲ್ಲಿ ಆಪ್ತಸಮಾಲೋಚನೆಗೂ ವ್ಯವಸ್ಥೆ ಮಾಡುವುದು.

ಇ) ಪಂಚಾಯಿತಿ ವ್ಯಾಪ್ತಿಯ ಗೋಡೆಗಳಲ್ಲಿರುವ ನಕಲಿ ವೈದ್ಯರ ಜಾಹೀರಾತುಗಳನ್ನು ತೆರವುಗೊಳಿಸುವುದು.

ಈ) ಆಸ್ಪತ್ರೆಯ ಒಂದೊಂದು ಭೇಟಿಗೂ ಒಂದು ದಿನದ ಕೂಲಿ ಹೋಗುತ್ತದೆ. ಮಾತ್ರೆ ಪಡೆಯುವ ದಿನವೇ ರಕ್ತಪರೀಕ್ಷೆಯೂ ಆಗುವಂತೆ ನೋಡಿಕೊಳ್ಳಲು ಆರೋಗ್ಯ ಇಲಾಖೆಯನ್ನು, ಯಾರ ಹೆಸರನ್ನೂ ಎತ್ತದೆ, ಸಮಿತಿಯ ಠರಾವಿನ ಮೂಲಕ ಕೋರುವುದು.

ಚರ್ಚೆಗೆ ಪ್ರಶ್ನೆಗಳು

1. ವೈರಲ್ ಲೋಡ್ ಪತ್ತೆಯಾಗದಿದ್ದರೂ ಸಿಫಿಲಿಸ್ ಪರೀಕ್ಷೆ ಏಕೆ ಬೇಕು?
2. ಉದಾಹರಣೆಯಲ್ಲಿ ಪತ್ನಿಯ ಮೊದಲ ಪರೀಕ್ಷೆ ಏಕೆ ಸಾಲದಾಯಿತು?
3. ನಮ್ಮ ಪಂಚಾಯಿತಿಯಲ್ಲಿ 1097 ಸಂಖ್ಯೆ ಕಣ್ಣಿಗೆ ಬೀಳುವ ಸ್ಥಳಗಳೆಷ್ಟು? ಇನ್ನೂ ಎಲ್ಲೆಲ್ಲಿ ಬರೆಸಬೇಕು?
4. ಯಾರ ಗುರುತೂ ಹೊರಬೀಳದಂತೆ ಚಾಲಕರ ಶಿಬಿರವನ್ನು ಹೇಗೆ ಏರ್ಪಡಿಸಬಹುದು?

ಚರ್ಚೆಯ ನಿರ್ಣಯಗಳನ್ನು ಸಭಾ ನಡವಳಿಯಲ್ಲಿ ದಾಖಲಿಸತಕ್ಕದ್ದು. ಯಾವುದೇ ವ್ಯಕ್ತಿಯ ಹೆಸರಾಗಲಿ, ಗುರುತಾಗಲಿ ಅದರಲ್ಲಿ ಇರತಕ್ಕದ್ದಲ್ಲ.